ಇಂಜಿನ್ ನಿಂತ್ರೆ ಎಲ್ಲಿ ಇಳಿಸ್ತೀಯ?

ನಮ್ಮೂರು ಸೊರಬ ತಾಲೂಕಿನ ಜಡೆ. ಮಳೆಗಾಲ ಬಂತು ಅಂದ್ರೆ ಅಡಿಕೆಗೆ ಕೊಳೆರೋಗದ ಭಯ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಬೇಕು, ಮರ ಹತ್ತುವವರನ್ನು ಹುಡುಕಬೇಕು. ಚಿಕ್ಕವನಿದ್ದಾಗ ಒಮ್ಮೆ ಅಪ್ಪನ್ನ ಕೇಳಿದ್ದೆ, "ವಿಮಾನದಲ್ಲಿ ಹೊಡೆದ್ರೆ ಆಗಲ್ವಾ?" ಅಂತ. ಅಪ್ಪ ನಕ್ಕು, "ಇಂಜಿನ್ ನಿಂತ್ರೆ ಎಲ್ಲಿ ಇಳಿಸ್ತೀಯ? ಕೆರೆಗಾ?" ಅಂದಿದ್ರು.

ಎಷ್ಟೋ ವರ್ಷಗಳ ನಂತರ, ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ 'ಬಸಂತ್' ಎದುರು ನಿಂತಾಗ ಆ ಪ್ರಶ್ನೆ ಮತ್ತೆ ನೆನಪಾಯ್ತು. ಬೆಳೆಗೆ ಔಷಧಿ ಸಿಂಪಡಿಸಲೆಂದೇ ಎಚ್‌ಎಎಲ್ ತಯಾರಿಸಿದ ವಿಮಾನ ಅದು. 1969ರಲ್ಲಿ ಹಾರಿದ ಮೊದಲ ಮಾದರಿ ಒಪ್ಪಿಗೆಯಾಗಲಿಲ್ಲ. ಪೈಲಟ್ ಕೂರುವ ಜಾಗವನ್ನು ಬದಲಿಸಿ ಎತ್ತರಿಸಿ, 250 ಅಶ್ವಶಕ್ತಿಯ ಬದಲು 400 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್ ಕೂರಿಸಿದ ಮೇಲೆ 1972ರ ಮಾರ್ಚ್ 30ರಂದು ಈಗಿನ ರೂಪದ ಬಸಂತ್ ಹಾರಿತು. 1980ರಲ್ಲಿ ತಯಾರಿಕೆ ನಿಂತಿತು.

ಇಂಥ ವಿಮಾನ ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ಹಾರುತ್ತೆ. ಅಲ್ಲಿ ಇಂಜಿನ್ ನಿಂತರೆ? ಸುಮ್ನೆ ಲೆಕ್ಕ ಹಾಕಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬೇಡ್ವೇ :-)). ವೇಗ ಗಂಟೆಗೆ 160 ಕಿ.ಮೀ. ಅಂದುಕೊಳ್ಳಿ. ಮೂತಿ ಎತ್ತಿ ಆ ವೇಗವನ್ನು 100ಕ್ಕೆ ಇಳಿಸಿಕೊಂಡರೆ ಸಿಗುವ ಎತ್ತರ, ಗಾಳಿಯ ಎಳೆತ ಬಿಟ್ಟು, ಸುಮಾರು 60 ಮೀಟರ್. ಅಷ್ಟೇ ಬಂಡವಾಳ! ಅಷ್ಟರೊಳಗೆ ಹಾಪರ್‌ನ ತಳ ತೆರೆದು ಔಷಧಿಯನ್ನೆಲ್ಲ ಸುರಿದು ಹಗುರಾಗಬೇಕು, ಎದುರಿಗೆ ಕಂಡ ಗದ್ದೆಯಲ್ಲೇ ಇಳಿಸಬೇಕು. ತಿರುಗಿ ರನ್‌ವೇಗೆ ಹೋಗೋ ಮಾತೇ ಇಲ್ಲ.

ಇದರ ಚರಿತ್ರೆ ಶುರುವಾಗಿದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೋದಲ್ಲಿ. ಜಾನ್ ಮೆಕ್‌ರೆಡಿ ಎಂಬ ಸೇನಾ ಪೈಲಟ್ ಒಂದು ಕಟಾಲ್ಪಾ ತೋಪಿನ ಹುಳುಗಳಿಗೆ ವಿಮಾನದಿಂದ ವಿಷದ ಪುಡಿ ಎರಚಿದ. ಮುಂದೆ ಬಹಳ ವರ್ಷ ಈ ಕೆಲಸಕ್ಕೆ ಹೆಚ್ಚಾಗಿ ಬಳಸಿದ್ದು ಸೇನೆಯ ಹಳೇ ವಿಮಾನಗಳನ್ನು. ಟೆಕ್ಸಾಸ್‌ನಲ್ಲಿ ಫ್ರೆಡ್ ವೀಕ್ ವಿನ್ಯಾಸ ಮಾಡಿದ ಎಜಿ-1 ಹಾರಿದ್ದು 1950ರಲ್ಲಿ. ವೀಕ್ 'ಬೀಳದ ವಿಮಾನ' ಮಾಡಲು ಹೊರಡಲಿಲ್ಲ, 'ಬಿದ್ದರೂ ಪೈಲಟ್ ಬದುಕಬೇಕು' ಅಂತ ಹೊರಟ. ಮುಂದೆ ಇಂಜಿನ್, ಅದರ ಹಿಂದೆ ಹಾಪರ್, ಎಲ್ಲದರ ಹಿಂದೆ ಎತ್ತರದಲ್ಲಿ ಗಟ್ಟಿ ಚೌಕಟ್ಟಿನೊಳಗೆ ಪೈಲಟ್. ನೆಲಕ್ಕೆ ಬಡಿದರೆ ಮುಂದಿನದೆಲ್ಲ ನಜ್ಜುಗುಜ್ಜಾಗಿ ಏಟು ತಿನ್ನುತ್ತೆ. ಬಸಂತ್ ಕೂಡ ಇದೇ ದಾರಿಯ ಕೂಸು.

ಆದ್ರೆ ಈ ವಿನ್ಯಾಸ ಮುಂದೆ ಬಯಲಿದೆ ಅಂತ ನಂಬಿಕೊಂಡಿದ್ದು. ಜಡೆಯ ಸುತ್ತ ಎಲ್ಲಿದೆ ಮಾರಾಯ್ರೆ ಬಯಲು? ತುಂಡು ಗದ್ದೆ, ಬದು, ತೋಟ, ಕರೆಂಟ್ ತಂತಿ. ಜೊತೆಗೆ ಸೋಗೆಯ ಕೆಳಗೆ ಅಡಗಿರೋ ಗೊನೆಗೆ ಮೇಲಿಂದ ಸುರಿದ ದ್ರಾವಣ ಸರಿಯಾಗಿ ತಾಗಬೇಕಲ್ಲ! ಮತ್ತೆ ಆಪತ್ತಿನಲ್ಲಿ ಸುರಿದ ಆ ಔಷಧಿ ಯಾರ ಬಾವಿಗೆ ಬೀಳುತ್ತೆ? ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ಗಳು ಎಂಡೋಸಲ್ಫಾನ್ ಸುರಿದವು. ಅಲ್ಲಿ ಇಂಜಿನ್ ಕೆಡಬೇಕಾಗಿಯೇ ಇರಲಿಲ್ಲ, ಎಲ್ಲ ಸರಿಯಾಗಿ ಹಾರಿದಾಗಲೇ ಎಣ್ಮಕಜೆಯಂಥ ಕನ್ನಡದ ಹಳ್ಳಿಗಳ ಕೆರೆ, ತೋಡುಗಳಿಗೆ ವಿಷ ಬಿತ್ತು. ಕಾಕ್‌ಪಿಟ್ಟಿನ ಒಳಗಿದ್ದವನ ಬಗ್ಗೆ ಯೋಚಿಸಿದಷ್ಟು ಕೆಳಗಿದ್ದವರ ಬಗ್ಗೆ ಯಾರೂ ಯೋಚಿಸಲಿಲ್ಲ.

ಮರದ ಮೇಲಿದ್ದವನ ಬಗ್ಗೆಯೂ ಅಷ್ಟೇ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತೋಟಕ್ಕೆ ಔಷಧಿ ಹೊಡೆಯಲು ಬರುತ್ತಿದ್ದವರೊಬ್ಬರು ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದರು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಪೈಲಟ್‌ಗೆ 60 ಮೀಟರಿನ ಬಂಡವಾಳ, ಗಟ್ಟಿ ಚೌಕಟ್ಟು, ಬೆಲ್ಟು. ಅವರಿಗಿದ್ದದ್ದು ಕಾಲಿಗೊಂದು ತಳೆಬಳ್ಳಿ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಹೊಡೆಯಬಹುದು. ಕಳೆದ ಸಲ ಊರಿಗೆ ಹೋದಾಗ ಅಪ್ಪ ಅದನ್ನು ತೋರಿಸಿ, "ನೋಡು, ಇದು ಕೆಟ್ಟು ನಿಂತ್ರೆ ಇಳಿಯೋ ಪ್ರಶ್ನೇನೇ ಇಲ್ಲ" ಅಂದ್ರು. ನಾನು ನಗಲಿಕ್ಕೆ ಹೋದೆ, ಅವರು ನಗಲಿಲ್ಲ.