ದಾವಣಗೆರೆ ಜಿಲ್ಲಾ ಪುನರ್ರಚನೆ: ವೆಚ್ಚ ಮತ್ತು ಉಳಿತಾಯ

ಜೆ.ಎಚ್. ಪಟೇಲ್ ಸರ್ಕಾರ 1997ರಲ್ಲಿ ರಚಿಸಿದ ಏಳು ಹೊಸ ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ ತಾಲ್ಲೂಕುಗಳು ಸೇರಿದವು.

ವೆಚ್ಚ ಸರ್ಕಾರದ ಲೆಕ್ಕದಲ್ಲೇ ಕಾಣುತ್ತದೆ: ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಎಸ್‌ಪಿ ಕಚೇರಿ, ಅವುಗಳ ಕಟ್ಟಡ, ಸಿಬ್ಬಂದಿ, ವಾಹನ. ಉಳಿತಾಯವನ್ನು ಹುಡುಕಬೇಕಾದದ್ದು ಜನರ ಜೇಬಿನಲ್ಲಿ. ಹರಿಹರ ತಾಲ್ಲೂಕಿನ ತುಂಗಭದ್ರಾ ದಂಡೆಯ ಉಕ್ಕಡಗಾತ್ರಿಯನ್ನೇ ನೋಡಿ. ಅಲ್ಲಿನ ರೈತ ಜಮೀನಿನ ಮೇಲ್ಮನವಿಗೆಂದು ಪಹಣಿ, ಅರ್ಜಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೊರಟರೆ, ಹರಿಹರ, ದಾವಣಗೆರೆ ದಾಟಿ ಇನ್ನೂ ಸುಮಾರು 60 ಕಿ.ಮೀ. ದೂರದ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಸಾಹೇಬರು ಸಿಗದಿದ್ದರೆ ಮತ್ತೊಂದು ದಿನದ ಕೂಲಿ, ಬಸ್ ಚಾರ್ಜು ದಂಡ. ಈಗ ಪಯಣ ದಾವಣಗೆರೆಗೇ ಮುಗಿಯುತ್ತದೆ. ಯಾವ ಬಜೆಟ್ ಪುಸ್ತಕದಲ್ಲೂ ಬಾರದ ಈ ಉಳಿತಾಯವೇ ಪುನರ್ರಚನೆಯ ನಿಜವಾದ ಗಳಿಕೆ. ಆದರೆ ಹೊಳೆ ತುಂಬಿದಾಗ ಫತ್ಯಾಪುರ–ಉಕ್ಕಡಗಾತ್ರಿ ರಸ್ತೆ ಮುಳುಗಿ, ಊರಿನವರೂ ಅಲ್ಲಿನ ಕರಿಬಸವೇಶ್ವರ ಅಜ್ಜಯ್ಯನ ದೇವಸ್ಥಾನಕ್ಕೆ ಬರುವ ಭಕ್ತರೂ ಸುತ್ತು ಬಳಸುವುದು ತಪ್ಪಿಲ್ಲ. ಜಿಲ್ಲಾ ಕೇಂದ್ರ ಹತ್ತಿರವಾದರಷ್ಟೇ ಸಾಲದು.

ದೂರವೊಂದೇ ಅಳತೆಯಲ್ಲ ಎಂಬುದಕ್ಕೆ ಹರಪನಹಳ್ಳಿ ಸಾಕ್ಷಿ. ದಾವಣಗೆರೆ ಹತ್ತಿರವಿದ್ದರೂ, ಸಂವಿಧಾನದ 371(ಜೆ) ವಿಧಿಯಡಿ ಬಳ್ಳಾರಿ ಜಿಲ್ಲೆಗೆ ಸಿಗುವ ಮೀಸಲಾತಿ ಮತ್ತು ಅನುದಾನಕ್ಕಾಗಿ ಅಲ್ಲಿನ ಜನ ಹೋರಾಡಿದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹರಪನಹಳ್ಳಿ ಹೋದರೂ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಈಗ ದಾವಣಗೆರೆಯ ಆರನೆಯ ತಾಲ್ಲೂಕು.