ಟಾರು ರಸ್ತೆಯ ರ‍್ಯಾಲಿ: ನೋಡುಗ ನಿಂತ ಜಾಗದ ಚರಿತ್ರೆ

ಟಾರು ರಸ್ತೆಯ ರ‍್ಯಾಲಿಗೆ ಸ್ವಂತದ್ದೊಂದು ಮೈದಾನವಿಲ್ಲ. ಹಾಲಿನ ವ್ಯಾನು, ಶಾಲೆಯ ಬಸ್ಸು ದಿನವೂ ಓಡಾಡುವ ಊರ ರಸ್ತೆಯನ್ನೇ ಕೆಲವು ಗಂಟೆ ಮುಚ್ಚಿ, ಕೆಲವು ನಿಮಿಷಕ್ಕೊಂದರಂತೆ ಕಾರು ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಟ್ಟಿದವರು ಗೆದ್ದಂತೆ. ನೋಡಬೇಕೆಂದವನು ಬೆಟ್ಟ ಹತ್ತಿ, ತಿರುವು ಹುಡುಕಿ, ಹೆಚ್ಚಿನ ಕಡೆ ತನ್ನ ಜಾಗವನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಈ ಕ್ರೀಡೆಯ ನೂರಕ್ಕೂ ಹೆಚ್ಚು ವರ್ಷಗಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಕಾರುಗಳ ಕಥೆಯಾಗಿ ಬರೆಯುತ್ತಾರೆ. ನೋಡುಗ ಎಲ್ಲಿ ನಿಂತಿದ್ದ, ಅಲ್ಲಿಂದ ಏಕೆ ಸರಿಯಬೇಕಾಯಿತು ಎಂದು ಕೇಳುತ್ತ ಹೋದರೆ ಆ ಚರಿತ್ರೆ ಇನ್ನೂ ಸ್ಪಷ್ಟವಾಗುತ್ತದೆ ಎಂಬುದು ನನ್ನ ನಂಬಿಕೆ.

1911ರಲ್ಲಿ ಮೊದಲ ಮಾಂಟೆ ಕಾರ್ಲೊ ರ‍್ಯಾಲಿ ನಡೆದಾಗ ವೇಗವೇ ಮುಖ್ಯವಾಗಿರಲಿಲ್ಲ. ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟು ಮೊನಾಕೊ ತಲುಪುವುದೇ ಪರೀಕ್ಷೆ; ಕಾರಿನ ಅಂದಚೆಂದಕ್ಕೂ ಅಂಕವಿತ್ತು. ಟರ್ಕಾ-ಮೆರಿ ಕಾರಿನಲ್ಲಿ ಬಂದ ಆನ್ರಿ ರೂಜಿಯೆ ಗೆದ್ದ. ವೇಗದ ಹುಚ್ಚು ಆಗಲೇ ಇಟಲಿಗೆ ಹತ್ತಿತ್ತು. ಸಿಸಿಲಿಯ ಮಡೋನಿಯೆ ಬೆಟ್ಟಗಳಲ್ಲಿ ವಿಂಚೆಂಜೊ ಫ್ಲೋರಿಯೊ 1906ರಲ್ಲೇ ಟಾರ್ಗಾ ಫ್ಲೋರಿಯೊ ಶುರುಮಾಡಿದ್ದ. ಬ್ರೆಶಿಯಾದಿಂದ ರೋಮಿಗೆ ಹೋಗಿ ಮರಳುವ ಸುಮಾರು 1,600 ಕಿ.ಮೀ.ಗಳ ಮಿಲೆ ಮಿಲ್ಯ 1927ರಲ್ಲಿ ಬಂತು. ಇವೆರಡೂ ಲೆಕ್ಕಕ್ಕೆ ರೇಸ್‌ಗಳು. ಆದರೂ ಟಾರು ರ‍್ಯಾಲಿಯ ಅಭಿಮಾನಿ ತನ್ನ ವಿದ್ಯೆ ಕಲಿತದ್ದು ಇಲ್ಲಿಯೇ.

ಮಿಲೆ ಮಿಲ್ಯದಲ್ಲಿ ಕಾರಿನ ಮೇಲೆ ಬರೆದ ಸಂಖ್ಯೆಯೇ ಅದು ಹೊರಟ ಸಮಯ. 1955ರಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್‌ನ ಮೇಲಿದ್ದುದು 722, ಅಂದರೆ ಬೆಳಗಿನ 7 ಗಂಟೆ 22 ನಿಮಿಷ. ದಾರಿಯ ಯಾವುದೋ ಹಳ್ಳಿಯ ಅಂಗಡಿ ಜಗುಲಿಯ ಮೇಲೆ ಕುಳಿತವನಿಗೂ ಕೈಗಡಿಯಾರವೊಂದಿದ್ದರೆ ಸಾಕಿತ್ತು. 701 ಎಷ್ಟು ಹೊತ್ತಿಗೆ ಹಾದುಹೋಯಿತು, 722 ಎಷ್ಟು ಹೊತ್ತಿಗೆ ಬಂತು ಎಂದು ನೋಡಿ, ಹೊರಟ ಸಮಯ ಕಳೆದು, ಯಾರು ಮುಂದಿದ್ದಾರೆಂದು ತಾನೇ ಹೇಳಬಲ್ಲವನಾಗಿದ್ದ. ನೋಡುಗನಿಗೆ ಇಷ್ಟು ಸರಳವಾಗಿ, ಇಷ್ಟು ಪೂರ್ತಿಯಾಗಿ ಆಟದ ಕೀಲಿಕೈ ಕೊಟ್ಟ ಇನ್ನೊಂದು ಏರ್ಪಾಡು ನನಗೆ ಗೊತ್ತಿಲ್ಲ. ಮಾಸ್ ಪಕ್ಕದಲ್ಲಿ ಕುಳಿತಿದ್ದವನು ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಮೊದಲೇ ದಾರಿ ಓಡಾಡಿ ತಿರುವುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಎಂಜಿನ್ನಿನ ಸದ್ದಿನ ನಡುವೆ ಕೈಸನ್ನೆಯಿಂದಲೇ ದಾರಿ ತೋರಿಸಿದ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಅವರು ಗುರಿ ಮುಟ್ಟಿದರು. ಇಂದಿನ ಪ್ರತಿ ರ‍್ಯಾಲಿ ಕಾರಿನಲ್ಲೂ ನ್ಯಾವಿಗೇಟರ್ ಓದುವ ಪೇಸ್ ನೋಟ್ಸ್‌ಗೆ ಆ ಸುರುಳಿ ಹತ್ತಿರದ ನಂಟು.

ಎರಡೇ ವರ್ಷದಲ್ಲಿ ಎಲ್ಲ ಮುಗಿಯಿತು. 1957ರಲ್ಲಿ ಗುಯಿದಿಜ್ಜೋಲೊ ಬಳಿ ಅಲ್ಫೋನ್ಸೊ ದೆ ಪೋರ್ಟಾಗೊನ ಫೆರಾರಿಯ ಟೈರು ಸಿಡಿದು ಕಾರು ಜನರ ಮೇಲೆ ನುಗ್ಗಿತು. ಚಾಲಕ, ಸಹಚಾಲಕರ ಜತೆ ರಸ್ತೆಬದಿಯ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಮಿಲೆ ಮಿಲ್ಯ ರೇಸ್ ಆಗಿ ಮತ್ತೆ ನಡೆಯಲಿಲ್ಲ. ಟಾರ್ಗಾ ಫ್ಲೋರಿಯೊ ಇನ್ನಷ್ಟು ಕಾಲ ಉಳಿಯಿತು. ಅಲ್ಲಿ ಜನ ಯಾರನ್ನು ನೋಡಲು ಬರುತ್ತಿದ್ದರು ಎಂಬುದಕ್ಕೆ ಪಲೆರ್ಮೊದ ಶಾಲಾ ಮೇಷ್ಟರು ನೀನೊ ವಕ್ಕರೆಲ್ಲಾ ಸಾಕ್ಷಿ. 1965, 1971, 1975ರಲ್ಲಿ ಗೆದ್ದ ಅವರ ಹೆಸರನ್ನು ಊರವರು ಮನೆಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. 1977ರಲ್ಲಿ ಇಬ್ಬರು ಪ್ರೇಕ್ಷಕರು ಸತ್ತ ಮೇಲೆ ಅದೂ ನಿಂತು, ರ‍್ಯಾಲಿಯ ರೂಪದಲ್ಲಿ ಮುಂದುವರಿಯಿತು.

ರೇಸ್ ಬಿಟ್ಟುಕೊಟ್ಟ ರಸ್ತೆಗಳನ್ನು ರ‍್ಯಾಲಿ ಹಿಡಿದುಕೊಂಡದ್ದು ಹೀಗೆ. ಕಾರ್ಸಿಕಾ ದ್ವೀಪದ ಟೂರ್ ದೆ ಕೋರ್ಸ್ 1956ರಲ್ಲಿ ಶುರುವಾಯಿತು. ಮೊದಲ ವರ್ಷವೇ ಗೆದ್ದವಳು ಬೆಲ್ಜಿಯಂನ ಜಿಲ್ಬೆರ್ತ್ ತಿರಿಯೊಂ, ಪುಟ್ಟ ರೆನೊ ಡೋಫಿನ್ ಕಾರಿನಲ್ಲಿ. ಹತ್ತು ಸಾವಿರ ತಿರುವುಗಳ ರ‍್ಯಾಲಿ ಎಂದೇ ಅದು ಹೆಸರಾಯಿತು. ಮಾಂಟೆ ಕಾರ್ಲೊದಲ್ಲಿ 1964ರಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಮಿನಿ ಕೂಪರ್ ಎಸ್‌ನಲ್ಲಿ ಗೆದ್ದ ಮೇಲೆ ಮನೆಮಂದಿಯ ಕಾರೂ ಆಲ್ಪ್ಸ್ ಬೆಟ್ಟದಲ್ಲಿ ದೊಡ್ಡವನ್ನು ಸೋಲಿಸಬಲ್ಲದೆಂದು ಲೋಕಕ್ಕೆ ತಿಳಿಯಿತು. 1973ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬಂದಾಗ ಮಾಂಟೆ, ಕಾರ್ಸಿಕಾ ಎರಡೂ ಅದರೊಳಗಿದ್ದವು.

ಮಾಂಟೆಯ ಅಭಿಮಾನಿಗೆ ಕಾಲ್ ದೆ ಟುರಿನಿ ಎಂದರೆ ಯಾತ್ರಾಸ್ಥಳ. 1,607 ಮೀಟರ್ ಎತ್ತರದ ಕಣಿವೆದಾರಿ, ಜನವರಿಯ ರಾತ್ರಿ. ರಸ್ತೆ ಮುಚ್ಚುವ ಮೊದಲೇ ಮೇಲೆ ಹತ್ತಿರಬೇಕು, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಮೊದಲು ಸುರಕ್ಷಾ ಅಧಿಕಾರಿಗಳ ವಾಹನಗಳು, ಆಮೇಲೆ ಸೊನ್ನೆ ಬರೆದ ಕಾರುಗಳು ದಾರಿ ಪರೀಕ್ಷಿಸಿ ಹೋಗುತ್ತವೆ. ಸ್ಪರ್ಧೆಯ ಕಾರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಕೆಳಗಿನ ತಿರುವುಗಳಲ್ಲಿ ಎಂಜಿನ್ ಏರಿಳಿಯುವುದನ್ನು ಕೇಳಿಯೇ ಹಳಬರು ಚಾಲಕನ ಧೈರ್ಯ ಅಳೆಯುತ್ತಾರೆ. ಬಳಿಕ ಮರಗಳ ಮೇಲೆ ಬೆಳಕು ಹರಿದಾಡುತ್ತದೆ, ಕೆಂಡದಂತೆ ಕಾದ ಬ್ರೇಕ್ ಡಿಸ್ಕ್‌ಗಳು ಹೊಳೆಯುತ್ತವೆ, ಮಾರ್ಷಲ್‌ನ ಸೀಟಿ ಕೂಗುತ್ತದೆ. ನಾಲ್ಕೈದು ಸೆಕೆಂಡು, ಅಷ್ಟೇ. ಅಷ್ಟರಲ್ಲಿ ನೋಡಬೇಕಾದ್ದು ಬಹಳ: ಬ್ರೇಕ್ ಎಲ್ಲಿ ಹಾಕಿದ, ಒಳಅಂಚನ್ನು ಎಷ್ಟು ಕತ್ತರಿಸಿದ, ಒಣ ಟಾರಿನ ಟೈರೋ ಮೊಳೆ ಬಡಿದ ಹಿಮದ ಟೈರೋ. ರಸ್ತೆ ಮುಚ್ಚಿ ಓಡಿಸುವ ಒಂದೇ ಹಂತದಲ್ಲಿ ಒಣ ಟಾರು, ನೀರು, ಮಂಜುಗಡ್ಡೆ ಮೂರೂ ಸಿಗುವ ಮಾಂಟೆಯಲ್ಲಿ ಟೈರಿನ ಆಯ್ಕೆಯಲ್ಲೇ ಅರ್ಧ ರ‍್ಯಾಲಿ ಇದೆ.

ಮಣ್ಣಿನ ರ‍್ಯಾಲಿ ನೋಡಿ ಬೆಳೆದ ನಮಗೆ ಇಲ್ಲಿ ಒಂದು ಲೆಕ್ಕ ತಲೆಕೆಳಗು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಮೊದಲು ಹೋಗುವವನು ಸಡಿಲ ಜಲ್ಲಿಯನ್ನು ಗುಡಿಸಿ ಹಿಂದಿನವರಿಗೆ ಅನುಕೂಲ ಮಾಡಿಕೊಡುತ್ತಾನೆ. ಟಾರಿನಲ್ಲಿ ಮೊದಲಿಗನಿಗೇ ಶುದ್ಧ ರಸ್ತೆ. ಪ್ರತಿ ಕಾರೂ ತಿರುವಿನ ಒಳಅಂಚಿನ ಮಣ್ಣಿಗೆ ಚಕ್ರ ಇಳಿಸಿ ಕೆಸರನ್ನು ರಸ್ತೆಗೆ ಎಳೆಯುವುದರಿಂದ ಹಿಂದಿನವನಿಗೆ ಹಿಡಿತ ತಪ್ಪುತ್ತದೆ. ಕಾರೂ ಬೇರೆ: ನೆಲಕ್ಕೆ ತಗ್ಗಿದ ದೇಹ, ಮಣ್ಣಿನ 15 ಇಂಚಿನ ಬದಲು 18 ಇಂಚಿನ ಚಕ್ರ, ಅದರೊಳಗೆ ದೊಡ್ಡ ಬ್ರೇಕ್. ಸಾಲಾಗಿ ಹತ್ತು ಕಾರು ನೋಡಿದರೆ ಆ ತಿರುವು ಬದಲಾಗುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ.

ಎಂಬತ್ತರ ದಶಕ ಈ ಕ್ರೀಡೆಯ ಅತಿ ಜನಪ್ರಿಯ ಕಾಲ, ಅತಿ ಕೆಟ್ಟ ಕಾಲವೂ ಹೌದು. ಆಗಿನ ಅಗ್ರ ದರ್ಜೆಯಾದ ಗ್ರೂಪ್ ಬಿ ಕಾರುಗಳ ಶಕ್ತಿ 500 ಅಶ್ವಶಕ್ತಿಯ ಆಸುಪಾಸು ಮುಟ್ಟಿತ್ತು. ಜನ ರಸ್ತೆಯ ಮಧ್ಯೆಯೇ ನಿಂತು, ಕಾರು ಬಂದಾಗ ಸೀಳಿಕೊಂಡು ಸರಿಯುತ್ತಿದ್ದರು. ಹಾದುಹೋಗುವ ಕಾರನ್ನು ಮುಟ್ಟುವುದನ್ನೇ ಶೌರ್ಯವೆಂದುಕೊಂಡವರಿದ್ದರು. 1986ರ ಮಾರ್ಚ್ 5ರಂದು ಪೋರ್ಚುಗಲ್ಲಿನ ಸಿಂತ್ರಾ ಬಳಿ, ಟಾರು ಹಂತದಲ್ಲೇ, ಒಂದು ಫೋರ್ಡ್ ಆರ್‌ಎಸ್ 200 ಗುಂಪಿಗೆ ನುಗ್ಗಿ ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕಂಪನಿ ತಂಡಗಳ ಚಾಲಕರು ಒಟ್ಟಾಗಿ ರ‍್ಯಾಲಿಯಿಂದ ಹಿಂದೆ ಸರಿದರು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ತೊಯ್ವೊನೆನ್ ಮತ್ತು ಸೆರ್ಜಿಯೊ ಕ್ರೆಸ್ತೊ ಲಾನ್ಚಿಯಾ ಡೆಲ್ಟಾ ಎಸ್4ರ ಬೆಂಕಿಯಲ್ಲಿ ತೀರಿಕೊಂಡರು. ಹಿಂದಿನ ವರ್ಷ ಅದೇ ದಿನ, ಅದೇ ರ‍್ಯಾಲಿಯಲ್ಲಿ ಅತ್ತಿಲಿಯೊ ಬೆತ್ತೆಗಾ ಸತ್ತಿದ್ದ. ವರ್ಷದ ಕೊನೆಗೆ ಗ್ರೂಪ್ ಬಿ ಮುಗಿಯಿತು. ಆ ಕಾಲವನ್ನು ಸುವರ್ಣಯುಗವೆಂದು ಹಾಡಿಹೊಗಳುವ ಅಭಿಮಾನಿಗಳು ಇನ್ನೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಕಾರುಗಳು ಅದ್ಭುತವಾಗಿದ್ದವು ನಿಜ, ಆದರೆ ನೋಡುಗ ಆಟದೊಳಗೆ ಕಾಲಿಟ್ಟಿದ್ದ. 2005ರ ಮಾಂಟೆಯಲ್ಲೂ ಜನ ರಸ್ತೆಗೆ ಎಸೆದ ಹಿಮದ ಮೇಲೆ ಜಾರಿ ಪೆಟ್ಟರ್ ಸೋಲ್ಬರ್ಗ್, ಮಾರ್ಕಸ್ ಗ್ರೋನ್‌ಹೋಮ್ ಇಬ್ಬರೂ ಅಪಘಾತಕ್ಕೀಡಾದರು. ಇದನ್ನು ತಮಾಷೆ ಎನ್ನುವವರನ್ನು ಅಭಿಮಾನಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಟಾರ್ಗಾ ಎಂಬ ಹೆಸರು ಭೂಮಿಯ ಇನ್ನೊಂದು ತುದಿಯಲ್ಲಿ ಚಿಗುರಿತು. ಸಿಸಿಲಿಯ ಸ್ಫೂರ್ತಿಯಿಂದ 1992ರಲ್ಲಿ ಆಸ್ಟ್ರೇಲಿಯಾದ ಟಾರ್ಗಾ ಟಾಸ್ಮೇನಿಯಾ ಶುರುವಾಯಿತು. ಗ್ರೆಗ್ ಕ್ರಿಕ್ ಹೋಂಡಾ ಎನ್‌ಎಸ್‌ಎಕ್ಸ್‌ನಲ್ಲಿ ಮೊದಲ ಗೆಲುವು ಪಡೆದರು, ಜಿಮ್ ರಿಚರ್ಡ್ಸ್ ಮುಂದೆ ಎಂಟು ಬಾರಿ ಗೆದ್ದರು. ಹಳೆಯ ಮಾದರಿಗಳೂ ಹೊಸ ಸ್ಪೋರ್ಟ್ಸ್ ಕಾರುಗಳೂ ಒಂದೇ ರಸ್ತೆಯಲ್ಲಿ ಓಡುತ್ತಿದ್ದವು. ಮನೆಯಂಗಳದಲ್ಲಿ ಕುರ್ಚಿ ಹಾಕಿಕೊಂಡು ರ‍್ಯಾಲಿ ನೋಡುವ ಭಾಗ್ಯ ಅಲ್ಲಿಯ ಊರಿನವರದಾಗಿತ್ತು. ಆದರೆ 2021ರಲ್ಲಿ ಮೂವರು, 2022ರಲ್ಲಿ ಒಬ್ಬರು ಸ್ಪರ್ಧಿಗಳು ಸತ್ತ ಮೇಲೆ ಅದು ನಿಂತುಹೋಯಿತು. ರೇಸಿಗಾಗಿಯೇ ಹುಟ್ಟಿದ ವೇಗದ ಕಾರಿಗೂ ಮರಗಳ ನಡುವಿನ ಕಿರಿದಾದ ರಸ್ತೆಗೂ ನಡುವಿನ ಅಂತರ ಅಲ್ಲಿ ತೀರಾ ಹೆಚ್ಚಾಗಿತ್ತು. ಸ್ಕಾಟ್‌ಲೆಂಡಿನ ಜಿಮ್ ಕ್ಲಾರ್ಕ್ ರ‍್ಯಾಲಿಯಲ್ಲಿ 2014ರಲ್ಲಿ ಮೂವರು ಪ್ರೇಕ್ಷಕರು ಸತ್ತಾಗ ಸರ್ಕಾರದ ಮಟ್ಟದಲ್ಲೇ ಪರಿಶೀಲನೆ ನಡೆಯಿತು. ಜನ ನಿಲ್ಲಬಾರದ ಕಡೆ ನಿಂತರೆ ಹಂತವನ್ನೇ ರದ್ದುಮಾಡುವುದು ಈಗ ಎಲ್ಲೆಡೆ ಮಾಮೂಲು.

2018ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಪ್ರತಿ ಹಂತವನ್ನೂ ನೇರವಾಗಿ ತೋರಿಸುವ ಸೇವೆ ಬಂದ ಮೇಲೆ ಬೆಂಗಳೂರಿನಲ್ಲಿ ಕುಳಿತವರೂ ಈ ಗುಂಪಿಗೆ ಸೇರಿದೆವು. ಚಳಿಗಾಲದಲ್ಲಿ ಮೊನಾಕೊಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿಯ ಬೆಳಗಿನ ಹಂತ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ. 2019ರ ಕಾರ್ಸಿಕಾದಲ್ಲಿ ಕೊನೆಯ ಹಂತದಲ್ಲಿ ಎಲ್ಫಿನ್ ಇವಾನ್ಸ್ ಕಾರಿನ ಟೈರು ಪಂಕ್ಚರ್ ಆಗಿ ಗೆಲುವು ತಿಯೆರಿ ನೊವಿಲ್ ಪಾಲಾಯಿತು. 2022ರ ಮಾಂಟೆಯಲ್ಲಿ ಕೊನೆಗಿಂತ ಹಿಂದಿನ ಹಂತದಲ್ಲಿ ಸೆಬಾಸ್ಟಿಯನ್ ಓಜಿಯೆಗೂ ಅದೇ ಗತಿ. 47ರ ವಯಸ್ಸಿನ ಸೆಬಾಸ್ಟಿಯನ್ ಲೋಬ್ 10.5 ಸೆಕೆಂಡಿನಿಂದ ಗೆದ್ದರು, ಅವರ ಪಕ್ಕದಲ್ಲಿ ನೋಟ್ಸ್ ಓದಿದವರು ವೃತ್ತಿಯಲ್ಲಿ ಶಿಕ್ಷಕಿಯಾದ ಇಸಬೆಲ್ ಗಾಲ್ಮಿಶ್. ಹಂತದ ನಡುವಿನ ಸಮಯಗಳು ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವಾಗ, ಅಂದು ಕೈಗಡಿಯಾರ ಹಿಡಿದವನು ಮಾಡುತ್ತಿದ್ದ ಲೆಕ್ಕವನ್ನೇ ಯಂತ್ರ ಮಾಡಿಕೊಡುತ್ತದೆ.

ಆದರೂ ಪರದೆ ಎರಡನ್ನು ತೋರಿಸಲಾರದು: ರಸ್ತೆ ಎಷ್ಟು ಕಿರಿದು, ಇಳಿಜಾರು ಎಷ್ಟು ಕಡಿದು. ಅದಕ್ಕೆ ಒಮ್ಮೆಯಾದರೂ ಹೋಗಬೇಕು. ಕ್ರೊಯೇಷಿಯಾ, ಜಪಾನ್, ಕೆನರಿ ದ್ವೀಪಗಳವರೆಗೆ ಟಾರು ರ‍್ಯಾಲಿ ಇತ್ತೀಚೆಗೆ ಹಬ್ಬಿದೆ. ಹೊರಡುವವರು ವೇಗದ ನೇರದಾರಿಯ ಆಸೆ ಬಿಟ್ಟು, ಇಳಿಜಾರಿನ ಕೊನೆಯ ಹೇರ್‌ಪಿನ್ ತಿರುವನ್ನು ಹುಡುಕಲಿ. ಬ್ರೇಕ್, ತಿರುವು, ಏರುವೇಗ ಮೂರೂ ಅಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ತಿರುವಿನ ಹೊರಮಗ್ಗುಲಲ್ಲಿ ಎಂದೂ ನಿಲ್ಲಬೇಡಿ, ಕಾರು ಜಾರಿದರೆ ಬರುವುದೇ ಆ ಕಡೆ. ರಸ್ತೆಗಿಂತ ಎತ್ತರದ ದಿಬ್ಬ ಹತ್ತಿ, ಹಿಂದೆ ಓಡಲು ದಾರಿ ಇಟ್ಟುಕೊಳ್ಳಿ. ಹೆಸರಾಂತರು ಹೋದ ಕೂಡಲೇ ಎದ್ದುಬರದೆ, ಸ್ವಂತ ದುಡ್ಡಿನಲ್ಲಿ ಕಾರು ತಂದ ಹಿಂದಿನ ಸಾಲಿನವರಿಗೂ ಚಪ್ಪಾಳೆ ತಟ್ಟಿ, ಹಂತ ಮುಗಿಸುವ ಅಧಿಕಾರಿಗಳ ಕಾರು ಹಾದುಹೋಗುವವರೆಗೆ ಟಾರಿಗೆ ಇಳಿಯದೆ ಅಲ್ಲೇ ಇರಿ.