ಸಾಂಕ್ರಾಮಿಕ ರೋಗದ ಅವಧಿಯಲ್ಲಿ ಆರೋಗ್ಯ ಸೇವಾ ಸಿಬ್ಬಂದಿಗೆ ಕಿರುಕುಳ: ಕಾನೂನಿನ ರಕ್ಷಣೆ ಹಾಗೂ ದೂರು ಸಲ್ಲಿಸುವ ವಿಧಾನ

2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಹೆಗಡೆ ನಗರದ ಬಳಿ ಕೋವಿಡ್-19 ಸಮೀಕ್ಷೆಗೆ ಮನೆ ಮನೆಗೆ ತೆರಳಿದ್ದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಅದೇ ತಿಂಗಳ 19ರಂದು ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿಗೆ ಅಡ್ಡಿಪಡಿಸಲಾಯಿತು. ವೈದ್ಯರು ಹಾಗೂ ಶುಶ್ರೂಷಕಿಯರನ್ನು ಬಾಡಿಗೆ ಮನೆಯಿಂದ ತೆರವುಗೊಳಿಸಿದ ಪ್ರಕರಣಗಳೂ ದೇಶದ ಹಲವೆಡೆ ವರದಿಯಾದವು. ಈ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮಕ್ಕೆ ತಿದ್ದುಪಡಿ ತರುವ ಅಧ್ಯಾದೇಶವನ್ನು 2020ರ ಏಪ್ರಿಲ್ 22ರಂದು ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ಅದು ಅಧಿನಿಯಮವಾಯಿತು.

ಈ ತಿದ್ದುಪಡಿಯಲ್ಲಿ ಶಿಕ್ಷೆಯ ಪ್ರಮಾಣಕ್ಕಿಂತಲೂ ಗಮನಿಸಬೇಕಾದುದು 'ಹಿಂಸಾಕೃತ್ಯ'ದ ವ್ಯಾಖ್ಯೆ. ಹೊಡೆತ ಬಿದ್ದಿರಲೇಬೇಕೆಂದಿಲ್ಲ. ಸಿಬ್ಬಂದಿಯ ವಾಸದ ಅಥವಾ ಕೆಲಸದ ಸ್ಥಿತಿಗತಿಗೆ ಧಕ್ಕೆ ತಂದು, ಕರ್ತವ್ಯ ನಿರ್ವಹಿಸದಂತೆ ತಡೆಯುವ ಕಿರುಕುಳವೂ ಹಿಂಸಾಕೃತ್ಯವೇ ಆಗುತ್ತದೆ. ವೈದ್ಯರು, ಶುಶ್ರೂಷಕಿಯರು, ಅರೆವೈದ್ಯಕೀಯ ಸಿಬ್ಬಂದಿ ಮಾತ್ರವಲ್ಲದೆ ಸಮುದಾಯ ಆರೋಗ್ಯ ಕಾರ್ಯಕರ್ತರಿಗೂ ಈ ರಕ್ಷಣೆಯುಂಟು.

ಅಪರಾಧವು ಸಂಜ್ಞೇಯವಾಗಿದ್ದು, ಜಾಮೀನೀಯವಲ್ಲ. 3 ತಿಂಗಳಿಂದ 5 ವರ್ಷದವರೆಗೆ ಕಾರಾವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ಜುಲ್ಮಾನೆ ವಿಧಿಸಬಹುದು. ತೀವ್ರ ಗಾಯವಾಗಿದ್ದಲ್ಲಿ ಕಾರಾವಾಸ 6 ತಿಂಗಳಿಂದ 7 ವರ್ಷ, ಜುಲ್ಮಾನೆ ರೂ. 1 ಲಕ್ಷದಿಂದ ರೂ. 5 ಲಕ್ಷ. ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು 30 ದಿನಗಳೊಳಗೆ ತನಿಖೆ ಮುಗಿಸತಕ್ಕದ್ದು. ಹಾನಿಗೊಂಡ ಸ್ವತ್ತಿಗೆ ಮಾರುಕಟ್ಟೆ ಮೌಲ್ಯದ ಎರಡರಷ್ಟು ಪರಿಹಾರ ತೆರಬೇಕಾಗುತ್ತದೆ. ಈ ಉಪಬಂಧಗಳು ಸಾಂಕ್ರಾಮಿಕ ರೋಗದ ಅವಧಿಯಲ್ಲಿ ನಡೆದ ಕೃತ್ಯಗಳಿಗೆ ಮಾತ್ರ ಅನ್ವಯಿಸುತ್ತವೆ.

ನೊಂದ ವ್ಯಕ್ತಿಯು ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಪೊಲೀಸ್ ಠಾಣೆಯಲ್ಲಿ ದೂರು ನೀಡಲು ಅವಕಾಶವಿದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯತಕ್ಕದ್ದು. ದೂರಿನಲ್ಲಿ ದಿನಾಂಕ, ಸ್ಥಳ, ಆಡಿದ ಮಾತು ಮತ್ತು ಸಾಕ್ಷಿದಾರರ ವಿವರ ಇರಲಿ. ಮನೆ ತೆರವಿನ ಪ್ರಕರಣಗಳಲ್ಲಿ ಮಾಲೀಕರು ಕಳುಹಿಸಿದ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳುವುದು ಅವಶ್ಯ.

ಕಿರುಕುಳವು ಹೊರಗಿನವರಿಂದಷ್ಟೇ ಬರುವುದಿಲ್ಲ. ರಕ್ಷಣಾ ಕವಚ ಕೇಳಿದವರನ್ನು ಗದರಿಸುವುದು, ದೂರಿತ್ತವರಿಗೇ ಪದೇ ಪದೇ ರಾತ್ರಿ ಪಾಳಿ ಹಾಕುವುದು ಮುಂತಾದ ಮೇಲಧಿಕಾರಿಗಳ ವರ್ತನೆಗೆ ಪ್ರತ್ಯೇಕ ಕಾನೂನಿಲ್ಲ. ಶಿಸ್ತು ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಬೇಕಾಗುತ್ತದೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಅಧಿನಿಯಮ ಅನ್ವಯಿಸುತ್ತದೆ. ಸ್ವಯಂಸೇವೆಯ ಆಧಾರದಲ್ಲಿ ದುಡಿಯುವವರೂ ಅದರ ವ್ಯಾಖ್ಯೆಯೊಳಗೆ ಬರುವುದರಿಂದ, ಗೌರವಧನ ಪಡೆಯುವ ಆಶಾ ಕಾರ್ಯಕರ್ತೆಯರು 'ನೌಕರರಲ್ಲ' ಎಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಘಟನೆ ನಡೆದ 3 ತಿಂಗಳೊಳಗೆ ಆಂತರಿಕ ಸಮಿತಿಗೆ, ಅಂತಹ ಸಮಿತಿ ಇಲ್ಲದೆಡೆ ಅಥವಾ ದೂರು ನಿಯೋಜಕರ ವಿರುದ್ಧವೇ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.